ಓರೆ ಮೂತಿ

"ಮಗಳು ದಾರಿ ತಪ್ಪ್ಯಾಳಲೇ!" ಜಂಬಪ್ಪ ಫೋನನ್ನು ಹೆಂಡತಿ ತಾಯಕ್ಕನ ಮುಖಕ್ಕೇ ಹಿಡಿದ. ಪರದೆಯಲ್ಲಿ ನೀಲಿ ಸಮುದ್ರ, ಅದರ ಮೇಲೆ ಹೋಗಬೇಕಾದ ದಾರಿಯ ಕೆಂಪು ಗೆರೆ, ಗೆರೆಯ ಮೇಲೆ ಅಕ್ಕಿಕಾಳಿನಷ್ಟು ವಿಮಾನ. ಅದರಲ್ಲಿ ದೇವಿಕಾ ಒಬ್ಬಳೇ ಕೂತು ಹತ್ತು ತಾಸಾಗಿತ್ತು. ಇನ್ನು ನಾಲ್ಕು ತಾಸಿಗೆ ದಡ ಮುಟ್ಟಿದರೆ ದಾಖಲೆ. ಆದರೆ ವಿಮಾನದ ಮೂತಿ ಎಡಕ್ಕೆ ಓರೆಯಾಗಿತ್ತು. ಸಂಡೂರಿನ ಗಣಿಯಲ್ಲಿ ಮೂವತ್ತು ವರ್ಷ ಲಾರಿ ಓಡಿಸಿದವನಿಗೆ ಗೊತ್ತಿದ್ದದ್ದು ಇಷ್ಟೇ: ಮೂತಿ ಎತ್ತಲೋ ಗಾಡಿ ಅತ್ತ.

ತಾಯಕ್ಕ ಹಂಪಿಯ ಹೊಳೆಯಲ್ಲಿ ತೆಪ್ಪ ನಡೆಸುವವಳು. ದೇವಿಕಾ ಮದುವೆ ಬ್ಯಾಡ, ವಿಮಾನ ಕಲೀತೀನಿ ಅಂದಾಗಲೂ ಓಣಿಯ ಜನ ದಾರಿ ತಪ್ಪ್ಯಾಳ ಅಂತ ಇದೇ ಮಾತು ಆಡಿದ್ದರು. ದಂಡೆಯಲ್ಲಿ ಕೂತಿದ್ದ ತಾಯಕ್ಕ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಕಿರಿದು ಮಾಡಿ ನೋಡಿದಳು.

"ವಿಮಾನ ಗೆರಿ ಮ್ಯಾಗ ಐತಲ್ರಿ?"

"ಐತಿ. ಮೂತಿನ ಓರೆ ಐತಿ."

"ಗಾಳಿ ಯಾ ಕಡಿಂದ ಐತಿ ನೋಡ್ರಿ."

ಅವನು ಬೆರಳಾಡಿಸಿ ಹುಡುಕಿದ. "ಎಡಗಡಿಂದ. ಭಾಳ ಜೋರೈತಿ."

ತಾಯಕ್ಕನ ಮುಖ ಅರಳಿತು. ಗಂಡನನ್ನು ತೆಪ್ಪದಲ್ಲಿ ಕೂರಿಸಿಕೊಂಡು, ಎದುರು ದಂಡೆಯ ಮೆಟ್ಟಿಲು ಬಿಟ್ಟು, ನೀರು ಹರಿದು ಬರುವ ಕಡೆ ಅದಕ್ಕೂ ಮೇಲಿದ್ದ ಬಂಡೆಯತ್ತ ಹುಟ್ಟು ಹಾಕತೊಡಗಿದಳು. ಏಳು ವರ್ಷದ ದೇವಿಕಾಳ ಕೈಗೆ ಹುಟ್ಟು ಕೊಟ್ಟು ಅವಳೇ ಕಲಿಸಿದ್ದ ಪಟ್ಟು ಅದು. ಸೆಳವು ಕೆಳಕ್ಕೆ ತಳ್ಳುತ್ತಿತ್ತು, ತಾಯಕ್ಕ ಮೇಲಕ್ಕೆ ಎಳೆಯುತ್ತಿದ್ದಳು. ಬಂಡೆಗೆಂದು ಹೊರಟ ತೆಪ್ಪ ಸೀದಾ ಮೆಟ್ಟಿಲಿಗೇ ಹೋಗಿ ತಾಗಿತು. ಜಂಬಪ್ಪ ಮೆಟ್ಟಿಲು ನೋಡಿದ, ಫೋನು ನೋಡಿದ.

"ನಿಮ್ಮ ಮಗಳು ದಾರಿ ತಪ್ಪಿಲ್ರಿ," ಎಂದಳು ತಾಯಕ್ಕ. "ಹೊಳಿ ದಾಟಾಕತ್ಯಾಳ."