ಜೇಲಿನ ಜಮಖಾನೆ

ಬಿಸಿಲಿಗೆ ಹಾಕಿದ ಜಮಖಾನೆಯ ವಾಸನೆ ಬಂದರೆ ನನಗೆ ಈಗಲೂ ನಾಗಪುರದ ರೈಲ್ವೆ ಕ್ವಾರ್ಟರ್ಸಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಹೊಡೆದಾಟದಲ್ಲಿ ಒಬ್ಬನ ತಲೆ ಒಡೆದು ಅಪ್ಪನ ತಮ್ಮ, ನಮ್ಮ ಕಾಕಾ, ಅದೇ ಊರಿನ ಜೇಲಿನಲ್ಲಿದ್ದ. ಅಲ್ಲಿ ಮಗ್ಗದ ಕೆಲಸ ಕಲಿತಿದ್ದ. ಜೇಲಿನ ಅಂಗಡಿಯಿಂದ ಅಪ್ಪ ತಂದಿದ್ದ ನೀಲಿ ಪಟ್ಟೆಯ ಜಮಖಾನೆಯನ್ನು ಅವನೇ ನೇಯ್ದದ್ದೆಂದು ಅಜ್ಜಿ ನಂಬಿದ್ದಳು. ಕನ್ನಡದಲ್ಲಿ ಬರೆದ ಪತ್ರ, ಮೊದಲು ತಾವು ಓದಿ ನೋಡಿಯೇ ಕೈದಿಗೆ ಕೊಡುವ ಜೇಲಿನವರಿಗೆ ಓದಲು ಬಾರದೆ, ಅವರ ಹತ್ತಿರವೇ ಉಳಿದುಬಿಡುತ್ತಿತ್ತು. ಹಾಗಾಗಿ ಅಜ್ಜಿ ಹೇಳಿದ್ದನ್ನು ಮರಾಠಿ ಶಾಲೆಗೆ ಹೋಗುತ್ತಿದ್ದ ನಾನು ಮರಾಠಿಯಲ್ಲಿ ಬರೆಯುತ್ತಿದ್ದೆ.

ಆ ದಿನ ಪಕ್ಕದ ಮನೆಯ ಧಾರವಾಡದ ವೈನಿ ಅದೇ ಜಮಖಾನೆಯ ಮೇಲೆ ಕೂತು ಅವ್ವನ ಜೊತೆ ಶಾವಿಗೆ ಹೊಸೆಯುತ್ತಿದ್ದರು. "ಎಷ್ಟು ಗಟ್ಟಿ ಐತ್ರಿ ಇದು! ನಮಗೂ ಒಂದು ತರಿಸಿಕೊಡ್ರಿ," ಅಂದರು.

ಅಜ್ಜಿ ಪತ್ರ ಬರೆಯುತ್ತಿದ್ದ ನನ್ನ ಕಡೆ ತಿರುಗಿ, "ಜೇಲಿನಿಂದ ಬಿಟ್ಟ ಕೂಡ್ಲೆ ಸೀದಾ ಮನಿಗೆ ಬಾ ಅಂತ ಬರಿ," ಅಂದಳು.

ವೈನಿಯ ಕೈ ನಿಂತಿತು. "ಇಲ್ಲಿಗೇನ್ರಿ? ಹೆಣ್ಣುಮಕ್ಕಳು ಓಡಾಡೋ ಜಾಗ. ಜೇಲು ಕಂಡಾಂವ ಸುಧಾರಿಸ್ತಾನೇನ್ರಿ?"

ಅವ್ವ ತಲೆ ಎತ್ತಲಿಲ್ಲ. "ನಮ್ಮೂರು ಹುಬ್ಬಳ್ಳಿಗೇ ಹೋಗಲಿ ಅಂತ ಇವರೂ ಅಂತಿದ್ರು, ಅತ್ತಿ," ಅಂದಳು.

ಇವರು ಅಂದರೆ ಅಪ್ಪ. ಅಜ್ಜಿ ಬಹಳ ಹೊತ್ತು ಜಮಖಾನೆಯ ಅಂಚನ್ನು ಅಂಗೈಯಿಂದ ಸವರುತ್ತ ಕೂತಳು. ನನ್ನ ಟಾಕಿನ ಮಸಿ ಒಣಗಿತು.

"ಅದನ್ನ ಕಾಟು ಹೊಡಿ," ಎಂದಳು ಕೊನೆಗೆ. "ಹುಬ್ಬಳ್ಳಿಗೆ ಹೋಗು ಅಂತ ಬರಿ. ಮತ್ತ, ಜಮಖಾನಿ ಚಲೋ ಬಾಳಿಕಿ ಬಂದೈತಿ, ಮನಿಗೆ ಬಂದವರೆಲ್ಲಾ ಅದರ ಮ್ಯಾಲೇ ಕೂಡ್ತಾರ ಅಂತ ಬರಿ."