ಯಜಮಾನರ ಮರೆವು

ನೀರಿನ ಲೋಟ ಇವತ್ತೂ ಕಿಟಕಿಯ ಕಟ್ಟೆಯ ಮೇಲೇ ಉಳಿದಿತ್ತು, ಆಕೆಯ ಗಾಲಿಕುರ್ಚಿಗೆ ಎಟುಕದಷ್ಟು ದೂರ. ಗಂಡ ಲಾಂಡ್ರಿ ಅಂಗಡಿ ಮುಚ್ಚಿ ಬರುವ ಹೊತ್ತಿಗೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಆದರೂ ಆಕೆ ಬೈಯಲಿಲ್ಲ. ಬೈದರೆ ಮರೆವಿನ ಕಾಯಿಲೆ ವಾಸಿಯಾಗುತ್ತದೆಯೇ?

"ಮತ್ತೆ ಮರೆತ್ರಾ? ಹೋಗ್ಲಿ ಬಿಡಿ," ಎಂದಳು.

ಆತ ತಲೆ ತಗ್ಗಿಸಿ ಚಪ್ಪಲಿ ಬಿಚ್ಚಿದ.

ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಆಕೆಗೆ ಆತನೇ ಕೈ, ಆತನೇ ಕಾಲು. ಆ ಆಸರೆಯೇ ಈಗ ಸವೆಯುತ್ತಿತ್ತು. ಒಂದು ದಿನ ಮಾತ್ರೆ ಕೊಡುವುದಿಲ್ಲ. ಇನ್ನೊಂದು ದಿನ ಆಕೆಯ ಫೋನನ್ನು ಕಪಾಟಿನ ಮೇಲಿಟ್ಟು ಹೊರಡುತ್ತಾನೆ. ಮೊನ್ನೆಯಂತೂ ಎಳೆಬಿಸಿಲಿಗೆಂದು ಆಕೆಯನ್ನು ಬಾಲ್ಕನಿಗೆ ತಳ್ಳಿ, ಬಾಗಿಲು ಹಾಕಿ ಅಂಗಡಿಗೆ ಹೋದವನು ಸಂಜೆಗೇ ಬಂದದ್ದು. ಪಕ್ಕದ ಮನೆಯವಳದು ಕಡ್ಡಿ ಮುರಿದಂಥ ಮಾತು. "ಅಕ್ಕಾ, ಅಂಗಡೀಲಿ ಯಾವ ಪ್ಯಾಂಟು ಯಾರದ್ದು ಅಂತ ಚೀಟಿ ಇಲ್ದೇ ಹೇಳ್ತಾರಲ್ಲ ನಿಮ್ಮ ಯಜಮಾನ್ರು?" ಎಂದು ಚುಚ್ಚಿದ್ದಳು. ಇಸ್ತ್ರಿಯ ಬಿಸಿಗೆ ಬೆಂದ ತಲೆ ಮನೆಗೆ ಬರುವಷ್ಟರಲ್ಲಿ ಖಾಲಿಯಾಗಿರುತ್ತದೆ ಎಂದು ಆಕೆ ವಾದಿಸಿದಳು. ಆದರೆ ಒಳಗೊಳಗೇ ಒಂದೇ ಚಿಂತೆ: ನಾಳೆ ತನ್ನನ್ನೇ ಮರೆತರೆ ಯಾರು ದಿಕ್ಕು?

ಬೇಡವೆಂದವನನ್ನು ಕಾಡಿ ಬೇಡಿ ನೆನಪಿನ ಪರೀಕ್ಷೆಗೆ ಹೊರಡಿಸಿದಳು. ಡಾಕ್ಟರಮ್ಮ ಮೊದಲು ಆಕೆಯನ್ನೇ ವಿಚಾರಿಸಿದರು: ವಾರಕ್ಕೆ ಎಷ್ಟು ಸಲ ಮರೆಯುತ್ತಾರೆ, ಏನೇನು ಮರೆಯುತ್ತಾರೆ. ಗಂಡನ ಮಾನ ಹೋಗಬಾರದೆಂದು ಆಕೆ ಅರ್ಧಕ್ಕರ್ಧ ಇಳಿಸಿ ಹೇಳಿದಳು. ಬಾಲ್ಕನಿಯ ಸುದ್ದಿಯನ್ನು ನುಂಗಿಯೇಬಿಟ್ಟಳು. ಆಮೇಲೆ ಆತನ ಸರದಿ. ಕೇಳಿದ ಪದಗಳನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಬೇಕು, ಅಂಕಿಗಳನ್ನು ಹಿಂದಿನಿಂದ ಒಪ್ಪಿಸಬೇಕು, ಗಡಿಯಾರದ ಚಿತ್ರ ಬರೆಯಬೇಕು. ಆಕೆ ಪರೀಕ್ಷೆಗೆ ಕೂತ ಮಗುವಿನ ತಾಯಿಯಂತೆ ನೋಡುತ್ತಿದ್ದಳು.

"ಒಂದೂ ತಪ್ಪಿಲ್ಲಮ್ಮ," ಎಂದು ಡಾಕ್ಟರಮ್ಮ ನಕ್ಕರು. "ಇವರ ವಯಸ್ಸಿಗೆ ನನಗೆ ಇಷ್ಟು ನೆನಪಿದ್ರೆ ಸಾಕು. ನೆಮ್ಮದಿಯಾಗಿ ಮನೆಗೆ ಹೋಗಿ."

ಆಕೆಗೆ ಹಾಲು ಕುಡಿದಷ್ಟು ಸಂತೋಷ. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ, ಹಿಂದಿನಿಂದ ಕುರ್ಚಿ ತಳ್ಳುತ್ತಿದ್ದ ಗಂಡನಿಗೆ ನಗುತ್ತಲೇ ಹೇಳಿದಳು: "ಕಾಯಿಲೆ ಇಲ್ಲ ಅಂತ ಗೊತ್ತಾಯ್ತಲ್ಲ. ಇನ್ಮೇಲೆ ಮರೀಬೇಡಿ, ಆಯ್ತಾ?"

ಕುರ್ಚಿ ನಿಂತಿತು. ಆತ ಆಕೆಯ ಕಿವಿಯ ಬಳಿ ಬಗ್ಗಿದ.

"ಮರ್ತೆ ಅಂತ ನಾನು ಯಾವತ್ತಾದ್ರೂ ಹೇಳಿದ್ದೀನಾ?"