ಸದ್ದಿನ ನೆಪ

ಕೈ ಜಾರಿದರೆ ಎಲ್ಲ ಕೆಟ್ಟಂತೆ. ಅವನು ಉಸಿರು ಬಿಗಿಹಿಡಿದು, ಕಂಪ್ಯೂಟರಿನ ಒಡಲನ್ನು ಎರಡೂ ಕೈಯಲ್ಲಿ ಎತ್ತಿ, ಮೀನು ಸಾಕುವ ಗಾಜಿನ ತೊಟ್ಟಿಯೊಳಗೆ ನಿಧಾನವಾಗಿ ಇಳಿಸಿದ. ತೊಟ್ಟಿಯಲ್ಲಿದ್ದದ್ದು ನೀರಲ್ಲ, ಬಣ್ಣವಿಲ್ಲದ, ವಾಸನೆಯಿಲ್ಲದ ಖನಿಜ ತೈಲ. ವೈರುಗಳು, ಚಿಪ್‌ಗಳು, ಫ್ಯಾನುಗಳು ಒಂದೊಂದಾಗಿ ಮುಳುಗಿದವು.

"ಒಗ್ಗರಣೆಗೆ ಸಾಸಿವೆ ತರ್ಲಾ ಭಾವ?" ಎಂದ ಭಾಮೈದ.

ಹೆಂಡತಿಯ ತಮ್ಮ, ಕಂಪ್ಯೂಟರ್ ರಿಪೇರಿಯವನು. ಈ ಉಪಾಯ ಹೇಳಿಕೊಟ್ಟವನೂ ಅವನೇ. ಈ ಎಣ್ಣೆಯಲ್ಲಿ ಕರೆಂಟು ಹರಿಯುವುದಿಲ್ಲ, ಅದು ಬಿಸಿಯನ್ನಷ್ಟೇ ಹೀರಿಕೊಳ್ಳುತ್ತದೆ, ಯಂತ್ರ ತಣ್ಣಗಿರುತ್ತದೆ ಎಂದು ವಿವರಿಸಿದ್ದ. ಭಾವನಿಗೆ ನಗು ಬರಲಿಲ್ಲ. ತಣ್ಣಗಾಗಲಿ ಎಂದೇ ಈ ಸಾಹಸವೆಂದು ಹೆಂಡತಿಗೆ ಹೇಳಿದ್ದ. ಅದು ಅರ್ಧ ಸತ್ಯ. ಅವನಿಗೆ ಬೇಕಾಗಿದ್ದದ್ದು ತಂಪಲ್ಲ, ನಿಶ್ಶಬ್ದ.

ಇನ್ನೂ ಕಟ್ಟದ ಮನೆಗಳು ಕಟ್ಟಿದ ಮೇಲೆ ಹೇಗೆ ಕಾಣುತ್ತವೆ ಎಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವುದು ಅವನ ಕಸುಬು. ಒಂದೊಂದು ಚಿತ್ರಕ್ಕೂ ಯಂತ್ರ ದಿನವಿಡೀ ಹೆಣಗುತ್ತಿತ್ತು. ಕಾದಷ್ಟೂ ಫ್ಯಾನುಗಳು ಬೊಬ್ಬಿಡುತ್ತಿದ್ದವು. ಮನೆಗೆ ಇದ್ದದ್ದು ಎರಡೇ ಕೋಣೆ.

ಆ ಬೊಬ್ಬೆಯೇ ಹೆಂಡತಿಗೆ ನೆಪವಾಗಿತ್ತು. ಕರೆದರೆ ಓಗೊಡುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ, ನಿಮ್ಮ ಫ್ಯಾನಿನ ಸದ್ದಿನಲ್ಲಿ ಯಾರಿಗೆ ತಾನೇ ಕೇಳಿಸುತ್ತದೆ ಎನ್ನುವಳು. ಒಮ್ಮೆ ಅವನು ಬೀಗದ ಕೈ ಮರೆತು ಹೋಗಿದ್ದ. ಬಾಗಿಲು ಬಡಿದೂ ಬಡಿದೂ ಕೈ ಸೋತು, ಕಿಟಕಿಯಲ್ಲಿ ಇಣುಕಿದರೆ ಮಹಾರಾಯಿತಿ ಒಳಗೆ ಬಟ್ಟೆ ಮಡಿಸುತ್ತ ಕೂತಿದ್ದಳು. ಆಗಲೂ ಅದೇ ಉತ್ತರ.

ಎಲ್ಲವನ್ನೂ ಫ್ಯಾನಿನ ತಲೆಗೆ ಕಟ್ಟಲು ಆಗುತ್ತದೆಯೇ? ಫೋನ್ ಬಂದರೆ ಅವಳು ಎತ್ತುತ್ತಿರಲಿಲ್ಲ. ಕಟ್ ಮಾಡಿ, ಮೂಲೆಗೆ ಹೋಗಿ ಏನೋ ಟೈಪು ಮಾಡುತ್ತಿದ್ದಳು. ದೀಪ ಆರಿಸಿದ ಮೇಲೆ ಅವನು ಮಾತು ತೆಗೆದರೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಮದುವೆಯಾದಾಗಿನಿಂದ ತಾನೇ ಹೆಮ್ಮೆಪಡುತ್ತಿದ್ದ ಅವನ ಪೊದೆ ಮೀಸೆಯನ್ನು ಈಚೆಗೆ ಬೋಳಿಸಿಬಿಡಿ ಎಂದು ಪೀಡಿಸತೊಡಗಿದ್ದಳು.

ಕೊರಿಯರ್ ಕಚೇರಿಯಲ್ಲಿ ಗಿರಾಕಿಗಳ ಫೋನಿಗೆ ಉತ್ತರಿಸುವುದು ಅವಳ ಕೆಲಸವಾಗಿತ್ತು. ಅದನ್ನು ಬಿಟ್ಟು, ತಾನಾಗಿ ಕೇಳಿಕೊಂಡು, ಪಾರ್ಸೆಲ್ ವಿಂಗಡಿಸುವ ವಿಭಾಗಕ್ಕೆ ಹೋಗಿದ್ದಳು. ಸಂಬಳ ಕಡಿಮೆ, ಧೂಳು ಜಾಸ್ತಿ. ಗಂಡನಿಗೆ ಈ ಸುದ್ದಿ ಮುಟ್ಟಿದ್ದು ಬೇರೆಯವರಿಂದ. ಆ ವಿಭಾಗದ ಮೇಲ್ವಿಚಾರಕ ನುಣ್ಣಗೆ ಶೇವ್ ಮಾಡಿಕೊಂಡ, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಆಡುವ ಮನುಷ್ಯ. ಕಚೇರಿಯವರೆಲ್ಲ ಸೇರಿದ ಊಟದಲ್ಲಿ ಆ ಮನುಷ್ಯ ಮಾತಾಡಿದಷ್ಟು ಹೊತ್ತೂ ಅವಳ ಕಣ್ಣು ಅವನ ತುಟಿ ಬಿಟ್ಟು ಕದಲಲಿಲ್ಲ. ಗಂಡನೆಂಬ ಪ್ರಾಣಿ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದ. ಅಂದಿನಿಂದ ಅವನಿಗೆ ಅನುಮಾನ ಹುಟ್ಟಿತ್ತು.

ಕೇಳಿಬಿಡಬಹುದಿತ್ತು. ಯಂತ್ರ ಆರಿಸಲು ಒಂದು ಗುಂಡಿ ಸಾಕು. ಆದರೆ ನಿಜ ಹೇಳಬೇಕೆಂದರೆ ಅವನೂ ಆ ಸದ್ದಿನ ಮರೆಯಲ್ಲೇ ಅಡಗಿಕೊಂಡಿದ್ದ. ಇಂದು ಹಾಗಲ್ಲ. ಇಂದು ಸದ್ದು ಅಡಗುತ್ತದೆ, ಆಮೇಲೆ ಒಂದೇ ಪ್ರಶ್ನೆ. ಹೌದು ಎಂದರೂ ಸರಿ, ಬಾಯಿ ಬಿಡದಿದ್ದರೂ ಸರಿ, ಮನೆ ಬಿಡುವುದು. ಮೇಜಿನ ಕೆಳಗೆ ಬ್ಯಾಗು ತಯಾರಾಗಿತ್ತು.

ಭಾಮೈದ ಸ್ವಿಚ್ಚು ಒತ್ತಿದ. ಪರದೆ ಬೆಳಗಿತು. ಎಣ್ಣೆಯೊಳಗೆ ಫ್ಯಾನುಗಳು ಎಮ್ಮೆ ಮೆಲುಕು ಹಾಕಿದಂತೆ ಸಾವಕಾಶವಾಗಿ ತಿರುಗಿದವು. ಸದ್ದು ಮಾತ್ರ ಇಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಇಲ್ಲಿಗೆ ಕೇಳಿಸಿತು.

"ಅಕ್ಕ ಬದುಕಿದ್ಳು ಬಿಡಿ," ಎಂದ ಭಾಮೈದ ಚಪ್ಪಲಿ ಮೆಟ್ಟುತ್ತ. "ನಾನು ಫೋನ್ ಮಾಡಿದ್ರೂ ಎತ್ತಲ್ಲ. ಭಾವನ ಯಂತ್ರದ ಗಲಾಟೆ ಅಂತ ಮೆಸೇಜ್ ಹಾಕ್ತಾಳೆ."

ಅವನು ಹೋದ. ಭಾನುವಾರದ ಮಧ್ಯಾಹ್ನ. ಪಕ್ಕದ ಮನೆಯಲ್ಲಿ ಮಗುವೊಂದು ಏಳರ ಮಗ್ಗಿ ಹೇಳುತ್ತಿತ್ತು. ಇಷ್ಟು ದಿನ ಆ ಮನೆಯಲ್ಲಿ ಮಗುವಿದೆ ಎಂಬುದೇ ಇವನಿಗೆ ಮರೆತುಹೋಗಿತ್ತು.

ಅಡುಗೆಮನೆಯಿಂದ ಹೆಂಡತಿಯ ಹೆಜ್ಜೆ ಕೇಳಿಸಿತು. ಟೀ ಲೋಟ ತಟ್ಟೆಗೆ ತಾಗಿ ಸಣ್ಣಗೆ ಕಿಣಿಗುಟ್ಟಿತು. ಹೆಜ್ಜೆ ಹೊಸ್ತಿಲ ಬಳಿ ನಿಂತಿತು. ತಿರುಗಿ ಅವಳ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ತೊಟ್ಟಿಯನ್ನೇ ನೋಡುತ್ತ ಕೇಳಿದ:

"ನಿನ್ನ ಮನಸ್ಸಲ್ಲಿ ಬೇರೆ ಯಾರಾದ್ರೂ ಇದ್ದಾರಾ?"

ಅವಳು ಮಾತಾಡಲಿಲ್ಲ.

"ನಿನ್ನನ್ನೇ ಕೇಳ್ತಿರೋದು. ಇದ್ದಾರಾ, ಇಲ್ವಾ?"

ಈ ಸಲ ದನಿ ಎಷ್ಟು ಏರಿತೆಂದರೆ ಪಕ್ಕದ ಮನೆಯ ಮಗ್ಗಿ ತಟ್ಟನೆ ನಿಂತಿತು. ಅವನ ಬೆನ್ನ ಹಿಂದೆ ಅವಳ ಉಸಿರಾಟ ಕೇಳಿಸುತ್ತಿತ್ತು, ಅಷ್ಟೆ. ಮೌನಂ ಸಮ್ಮತಿ ಲಕ್ಷಣಂ. ಕಣ್ಣು ಮಂಜಾಯಿತು. ಬಗ್ಗಿ ಬ್ಯಾಗಿನ ಹಿಡಿಗೆ ಕೈ ಹಾಕಿದ.

ಅವಳು ಮುಂದೆ ಬಂದು ಟೀಯನ್ನು ಮೇಜಿನ ಅಂಚಿಗಿಟ್ಟಳು. ಎಣ್ಣೆಯಲ್ಲಿ ತಿರುಗುತ್ತಿದ್ದ ಫ್ಯಾನುಗಳನ್ನು ನೋಡಿದಳು. ಆಮೇಲೆ ಅವನ ಮೀಸೆಯ ಅಡಿಯಲ್ಲಿ ತುಟಿ ಅದುರುವುದನ್ನು ಕಂಡು, ಹತ್ತಿರ ಬಾಗಿ, ಎಂದಿನಂತೆ ಅರ್ಧ ಕೂಗುತ್ತ ಹೇಳಿದಳು:

"ಏನೋ ಹೇಳ್ತಿದ್ದೀರಲ್ಲ? ಮೊದ್ಲು ಆ ಫ್ಯಾನ್ ನಿಲ್ಸಿ. ಈ ಸದ್ದಲ್ಲಿ ನನಗೇನೂ ಕೇಳಿಸ್ತಿಲ್ಲ."